ಶಾಂಪೇನ್ ರುಚಿಯ ಮಾತುಗಳು ಎಲ್ಲಿ ಹುಟ್ಟುತ್ತವೆ

(ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವವರು ಮತ್ತು ಕಾಫಿ ಬೆಳೆಗಾರರ ಮುಂದೆ ಆಡಿದ ಮಾತಿನ ಬರಹ ರೂಪ)

ಕಾಫಿ ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ, ಮಾಡಿ ಗೊತ್ತಿರುವವರು ಇಲ್ಲಿ ಸುಮಾರು ಜನ ಇದ್ದೀರಿ. ಆಸಿಡಿಟಿ, ಬಾಡಿ, ಆಫ್ಟರ್‌ಟೇಸ್ಟ್ ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಚಮಚದಿಂದ ಸೊರ್ರೆಂದು ಎಳೆದು, ಬಾಯಿ ತುಂಬ ಹರಡಿಕೊಂಡು, ಉಗಿದು, 'ನಿಂಬೆ ಇದೆ, ಚಾಕೊಲೇಟ್ ಇದೆ' ಅಂತ ಬರೆದುಕೊಳ್ಳುತ್ತೀರಿ. ಆ ಬೀಜಕ್ಕೆ ಯಾರೂ ನಿಂಬೆ ಹಿಂಡಿಲ್ಲ. ಆದರೂ ಮಾತು ಸುಳ್ಳಲ್ಲ. ನಿಂಬೆಯಲ್ಲಿರುವ ಸಿಟ್ರಿಕ್ ಆಸಿಡ್ ಕಾಫಿಯಲ್ಲೂ ಇದೆ. ನಾಲಿಗೆ ಅದನ್ನು ಗುರುತು ಹಿಡಿಯುತ್ತೆ.

ಇಷ್ಟು ಗೊತ್ತಿರುವವರು ಶಾಂಪೇನ್ ಬಾಟಲಿಯ ಹಿಂದಿನ ಚೀಟಿ ಓದುವಾಗ ಮಾತ್ರ ಹಿಂಜರಿಯುತ್ತಾರೆ. ಬ್ರಿಯೋಶ್, ಮಿನರಲ್, ಕ್ರೀಮಿ ಮೂಸ್, ಲಾಂಗ್ ಫಿನಿಶ್ ಅಂತೆಲ್ಲ ಬರೆದಿರುತ್ತಾರೆ. ಅತಿಥಿ ಕೇಳಿದರೆ ಏನು ಹೇಳುವುದು ಅಂತ ಗಾಬರಿ. ನಾನು ಹೋಟೆಲುಗಳಲ್ಲಿ ವೈನ್ ಬಡಿಸುತ್ತಾ ಈ ಮಾತುಗಳನ್ನು ಕಲಿತವಳು. ನನಗೆ ಇವು ತುಂಬಾ ಇಷ್ಟ. ಯಾಕೆ ಅಂದರೆ ಇವುಗಳಲ್ಲಿ ಹೆಚ್ಚಿನವು ಸುಮ್ನೆ ಅಲಂಕಾರಕ್ಕೆ ಹುಟ್ಟಿದವಲ್ಲ. ಒಂದೊಂದಕ್ಕೂ ಒಂದು ಜಾಗ ಇದೆ. ಒಂದು ದ್ರಾಕ್ಷಿ ತೋಟದ್ದು, ಇನ್ನೊಂದು ಯೀಸ್ಟಿನದು, ಮತ್ತೊಂದು ನೆಲಮಾಳಿಗೆಯಲ್ಲಿ ಕಳೆದ ವರ್ಷಗಳದ್ದು, ಇನ್ನೂ ಒಂದು ಕೊನೆಗೆ ಹಾಕಿದ ಸಕ್ಕರೆಯದು. ಮಾತು ಕಿವಿಗೆ ಬಿದ್ದ ಕೂಡಲೇ 'ಇದು ಎಲ್ಲಿಂದ ಬಂತು' ಅಂತ ಕೇಳಿಕೊಂಡರೆ ಅದು ಬಾಯಲ್ಲೂ ಸಿಗುತ್ತೆ. ಯಾವ ಜಾಗಕ್ಕೂ ಸೇರದ ಮಾತುಗಳೂ ಇವೆ. ಅವುಗಳ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಗುಳ್ಳೆ ಏಳುವ ವೈನೆಲ್ಲ ಶಾಂಪೇನ್ ಅಲ್ಲ. ಫ್ರಾನ್ಸಿನ ಈಶಾನ್ಯಕ್ಕೆ ಶಾಂಪೇನ್ ಎಂಬ ಪ್ರದೇಶ ಇದೆ. ರೀಮ್ಸ್ ಮತ್ತು ಎಪರ್ನೆ ಅಲ್ಲಿನ ಮುಖ್ಯ ಊರುಗಳು. ಅಲ್ಲಿ ಗುರುತು ಹಾಕಿದ ತೋಟಗಳ ದ್ರಾಕ್ಷಿಯಿಂದ, ಬಾಟಲಿಯೊಳಗೇ ಎರಡನೇ ಸಲ ಹುದುಗಿಸಿ ಮಾಡಿದ್ದು ಮಾತ್ರ ಶಾಂಪೇನ್. ಕೊಡಗಿನ ಕಿತ್ತಳೆಗೆ ಜಿಐ ಇದೆ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಸಿಕ್ಕಿತು. ಭಾರತದ ಅದೇ ಜಿಐ ಪಟ್ಟಿಯಲ್ಲಿ ಶಾಂಪೇನ್ ಹೆಸರೂ ಇದೆ. ಬೇರೆ ಊರಿನ ಹಣ್ಣನ್ನು ಕೊಡಗಿನ ಕಿತ್ತಳೆ ಅಂತ ಮಾರಿದರೆ ನಮಗೆ ಹೇಗಾಗುತ್ತೆ? ಅವರಿಗೂ ಹಾಗೇ. ಆದ್ದರಿಂದ ನಿಮ್ಮ ಮೆನುವಿನಲ್ಲಿ ಬೇರೆ ಕಡೆಯ ವೈನಿಗೆ ಸ್ಪಾರ್ಕ್ಲಿಂಗ್ ವೈನ್ ಅಂತಲೇ ಬರೆಯಿರಿ.

ಈಗ ಲೇಬಲ್ಲಿನ ಮೇಲೆ ಎದ್ದು ಕಾಣುವ ಮಾತು ತೆಗೆದುಕೊಳ್ಳೋಣ. ಬ್ರೂಟ್. ಇದನ್ನು ಯಾರೋ ರುಚಿ ನೋಡಿ ಬರೆದದ್ದಲ್ಲ, ಅಳೆದು ಬರೆದದ್ದು. ಬಾಟಲಿಯಿಂದ ಯೀಸ್ಟಿನ ಗಸಿ ತೆಗೆದಾಗ ಸ್ವಲ್ಪ ವೈನೂ ಹೊರಗೆ ಹೋಗುತ್ತೆ. ಆ ಜಾಗವನ್ನು ತುಂಬುವಾಗ ವೈನಿನಲ್ಲಿ ಕರಗಿಸಿದ ಸಕ್ಕರೆಯನ್ನು ಸೇರಿಸುತ್ತಾರೆ. ಇದಕ್ಕೆ ದೊಸಾಜ್ ಅನ್ನುತ್ತಾರೆ. ಕೊನೆಯಲ್ಲಿ ವೈನಿನಲ್ಲಿ ಎಷ್ಟು ಸಕ್ಕರೆ ಇದೆ ಅನ್ನುವುದರ ಮೇಲೆ ಹೆಸರು. ಸಕ್ಕರೆ ಸೇರಿಸದೆ, ಲೀಟರಿಗೆ 3 ಗ್ರಾಂಗಿಂತ ಕಡಿಮೆ ಇದ್ದರೆ ಬ್ರೂಟ್ ನೇಚರ್. 6 ಗ್ರಾಂವರೆಗೆ ಎಕ್ಸ್‌ಟ್ರಾ ಬ್ರೂಟ್. 12 ಗ್ರಾಂ ಒಳಗಿದ್ದರೆ ಬ್ರೂಟ್. 12ರಿಂದ 17 ಎಕ್ಸ್‌ಟ್ರಾ ಡ್ರೈ, 17ರಿಂದ 32 ಸೆಕ್, 32ರಿಂದ 50 ಡೆಮಿ-ಸೆಕ್. 50 ದಾಟಿದರೆ ಡೂ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಎಕ್ಸ್‌ಟ್ರಾ ಡ್ರೈ ಅಂತ ಕಂಡರೆ ಅದರಲ್ಲಿ ಸಿಹಿಯೇ ಇರಲ್ಲ ಅಂದುಕೊಳ್ಳುತ್ತೇವೆ. ಆದರೆ ಅದು ಬ್ರೂಟ್‌ಗಿಂತ ಸಿಹಿ. ಈ ಹೆಸರುಗಳು 19ನೇ ಶತಮಾನದವು. ಆಗಿನ ಶಾಂಪೇನ್ ಈಗಿನವರ ಬಾಯಿಗೆ ಪಾನಕವೇ. ಅದರ ಪಕ್ಕದಲ್ಲಿ 15 ಗ್ರಾಂ ಸಕ್ಕರೆ ಇದ್ದದ್ದು ನಿಜವಾಗಲೂ ಡ್ರೈ ಅನಿಸುತ್ತಿತ್ತು. ಇಂಗ್ಲೆಂಡಿನವರು ಕಡಿಮೆ ಸಿಹಿ ಕೇಳತೊಡಗಿದರು. ರೀಮ್ಸ್‌ನಲ್ಲಿ ಶಾಂಪೇನ್ ಕಂಪನಿ ನಡೆಸುತ್ತಿದ್ದ ಮದಾಂ ಪೊಮ್ಮೆರಿ ಆ ಇಂಗ್ಲೆಂಡಿನವರಿಗಾಗಿ 1874ರ ಬೆಳೆಯಿಂದ ಸಿಹಿ ಇಳಿಸಿದ ಶಾಂಪೇನ್ ಮಾಡಿದಳು. ಬ್ರೂಟ್ ಜನಪ್ರಿಯ ಆಗಲು ಅದು ದೊಡ್ಡ ಕಾರಣ. ಸಿಹಿ ಕಡಿಮೆ ಆಗುತ್ತಾ ಹೋದ ಹಾಗೆ ಹೊಸ ಹೆಸರುಗಳು ಬಂದವು, ಹಳೆಯವು ಇದ್ದಲ್ಲೇ ಉಳಿದವು.

ಲೆಕ್ಕ ನೋಡಿ. ಬ್ರೂಟ್ ಬಾಟಲಿ 750 ಮಿಲೀ. ಅದರಲ್ಲಿ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ಎರಡು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ, ಅದೂ ಪೂರ್ತಿ ಬಾಟಲಿಗೆ. ನಮ್ಮ ಮಡಿಕೇರಿ ಅಂಗಡಿಗಳಲ್ಲಿ ಸಿಗುವ ಮನೆ ವೈನ್ ಕುಡಿದು ಅಭ್ಯಾಸ ಆದವರು, ದ್ರಾಕ್ಷಿಯದಾಗಲಿ ಶುಂಠಿಯದಾಗಲಿ, ವೈನ್ ಅಂದರೆ ಸಿಹಿ ಅಂತಲೇ ನಂಬಿರುತ್ತಾರೆ. ಅವರಿಗೆ ಬ್ರೂಟ್ ಕೊಟ್ಟರೆ ಮೊದಲ ಗುಟುಕಿಗೇ 'ಹುಳಿ, ಕೆಟ್ಟಿದೆ' ಅನ್ನುತ್ತಾರೆ. ಕೆಟ್ಟಿಲ್ಲ. ಅಂಥ ಅತಿಥಿಗೆ ಮೊದಲೇ ಒಂದು ಮಾತು ಹೇಳಿ ಕೊಡಿ, ಅಥವಾ ಡೆಮಿ-ಸೆಕ್ ಕೊಡಿ. ಸಿಹಿ ಇಷ್ಟ ಪಡುವವರನ್ನು ಕೀಳಾಗಿ ನೋಡುವ ಚಾಳಿ ವೈನ್ ಲೋಕದಲ್ಲಿ ಇದೆ. ನನಗೆ ಅದು ಹಿಡಿಸುವುದಿಲ್ಲ.

ಆ ಹುಳಿಯ ವಿಷಯಕ್ಕೇ ಬರುತ್ತೇನೆ. ಕ್ರಿಸ್ಪ್, ಟಾರ್ಟ್, ಫ್ರೆಶ್, ಲೈವ್ಲಿ. ಈ ನಾಲ್ಕೂ ಮಾತು ಹುಳಿಯ ಸುತ್ತಲೇ ಇವೆ. ಶಾಂಪೇನ್ ಚಳಿಯ ಜಾಗ. ದ್ರಾಕ್ಷಿ ಬೆಳೆಯುವ ಊರುಗಳಲ್ಲಿ ತುಂಬಾ ಉತ್ತರಕ್ಕಿರುವವುಗಳಲ್ಲಿ ಒಂದು. ಹಣ್ಣಿನಲ್ಲಿ ಸಕ್ಕರೆ ನಿಧಾನಕ್ಕೆ ಸೇರುತ್ತೆ, ಹುಳಿ ಉಳಿದುಕೊಳ್ಳುತ್ತೆ. ಅಲ್ಲಿ ಮೊದಲ ಹುದುಗಿಗೆ ಬರುವ ವೈನ್ ಗುಳ್ಳೆ ಇಲ್ಲದ, ತೆಳ್ಳಗಿನ, ಹಲ್ಲು ಜುಮ್ಮೆನ್ನುವಷ್ಟು ಹುಳಿ ಇರುವ ವೈನ್. ಅದನ್ನು ಹಾಗೇ ಕುಡಿಯುವುದು ಕಷ್ಟ. ಆದರೆ ವರ್ಷಗಟ್ಟಲೆ ಇಟ್ಟರೂ ತಾಳಿಕೊಳ್ಳಲು ಆ ಹುಳಿಯೇ ಬೇಕು.

ಹುಳಿಯ ಅಳತೆ ನಾಲಿಗೆಗಿಂತ ಕೆನ್ನೆಯ ಒಳಭಾಗಕ್ಕೆ ಚೆನ್ನಾಗಿ ಗೊತ್ತು. ನುಂಗಿದ ಮೇಲೆ ಬಾಯಿ ಮುಚ್ಚಿ ತಲೆ ಸ್ವಲ್ಪ ಬಗ್ಗಿಸಿ ಕೂರಿ. ಎಷ್ಟು ನೀರೂರುತ್ತೆ, ಎಷ್ಟು ಹೊತ್ತು ಊರುತ್ತೆ ನೋಡಿ. ಕಾಚಂಪುಳಿ ಹಾಕಿ ಬೆಳೆದ ಬಾಯಿಗಳು ನಮ್ಮವು. ಹುಣಸೆಯ ಹುಳಿ ಬೇರೆ, ನಿಂಬೆಯ ಹುಳಿ ಬೇರೆ, ಕಾಚಂಪುಳಿಯ ಗಾಢ ಹುಳಿ ಬೇರೆ ಅಂತ ಕೊಡಗಿನ ಅಡುಗೆಮನೆಯಲ್ಲಿ ಓಡಾಡಿದ ಯಾರಿಗೂ ಗೊತ್ತು. ಕ್ರಿಸ್ಪ್ ಅಂದರೆ ನಿಂಬೆಯ ಕಡೆಯ ಹುಳಿ: ತಟ್ಟನೆ ಬಂದು, ಬಾಯಿ ತೊಳೆದು, ಹೋಗುತ್ತೆ. ಹುಳಿ ಸಾಲದ ವೈನಿಗೆ ಫ್ಲ್ಯಾಬಿ ಅನ್ನುತ್ತಾರೆ. ಸಪ್ಪೆ ಅಂದರೆ ಸಾಕು. ಕ್ರೀಮಿ, ಬಟರಿ ಅಂತ ಬರೆದಿದ್ದರೆ ಅದಕ್ಕೂ ಹುಳಿಗೂ ನಂಟಿದೆ. ಹಸಿ ಸೇಬಿನಲ್ಲಿರುವ ಚೂಪಾದ ಮ್ಯಾಲಿಕ್ ಆಸಿಡ್ ಅನ್ನು ಒಂದು ಬಗೆಯ ಬ್ಯಾಕ್ಟೀರಿಯಾ ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಸಿಡ್ ಆಗಿ ಬದಲಾಯಿಸುತ್ತೆ. ಹುಳಿ ಮೆತ್ತಗಾಗುತ್ತೆ, ಜೊತೆಗೆ ಬೆಣ್ಣೆಯ ವಾಸನೆ ಸ್ವಲ್ಪ ಬರಬಹುದು. ಕೆಲವು ಕಂಪನಿಗಳು ಇದನ್ನು ಬೇಕಂತಲೇ ತಡೆಯುತ್ತವೆ. ಅವುಗಳ ವೈನ್ ಹಸಿ ಸೇಬಿನ ಕಡೆಗೇ ನಿಲ್ಲುತ್ತೆ.

ಇನ್ನು ಬ್ರೆಡ್ಡಿನ ಮಾತುಗಳು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಶಾಂಪೇನನ್ನು ಬೇರೆ ಬಿಳಿ ವೈನಿನಿಂದ ಬೇರೆ ಮಾಡುವುದು ಇದೇ.

ಹುಳಿ ವೈನನ್ನು ಬಾಟಲಿಗೆ ತುಂಬುವಾಗ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಮುಚ್ಚಳ ಬಿಗಿಯುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತೆ. ಗ್ಯಾಸಿಗೆ ಹೋಗಲು ದಾರಿ ಇಲ್ಲ. ಒಳಗೇ ಕರಗಿ ಸುಮಾರು 6 ಅಟ್ಮಾಸ್ಫಿಯರ್ ಒತ್ತಡ ಆಗುತ್ತೆ. ಇದು ಗುಳ್ಳೆಯ ಹುಟ್ಟು. ತಿನ್ನಲು ಸಕ್ಕರೆ ಮುಗಿದಾಗ ಯೀಸ್ಟ್ ಸಾಯುತ್ತೆ, ಬಾಟಲಿಯ ತಳದಲ್ಲಿ ಗಸಿಯಾಗಿ ಕೂರುತ್ತೆ. ತಂಪಾದ ಸುಣ್ಣಕಲ್ಲಿನ ನೆಲಮಾಳಿಗೆಯಲ್ಲಿ ಆ ಗಸಿಯ ಜೊತೆಗೇ ವೈನನ್ನು ಬಿಡುತ್ತಾರೆ. ಸತ್ತ ಯೀಸ್ಟಿನ ಕೋಶಗಳು ನಿಧಾನಕ್ಕೆ ಒಡೆದು, ಒಳಗಿದ್ದದ್ದು ವೈನಿಗೆ ಸೇರುತ್ತೆ. ಪುಸ್ತಕಗಳಲ್ಲಿ ಇದನ್ನು ಆಟೊಲಿಸಿಸ್ ಅನ್ನುತ್ತಾರೆ. ಬನ್ನಿನ ವಾಸನೆ, ಬಿಸ್ಕತ್ತಿನ ವಾಸನೆ, ಬಾಯಲ್ಲಿ ಒಂದು ಬಗೆಯ ಮೆತ್ತನೆಯ ತುಂಬು, ಎಲ್ಲ ಬರುವುದು ಇಲ್ಲಿಂದ.

ಅದಕ್ಕೇ ಕಾಲದ ಲೆಕ್ಕ ಮುಖ್ಯ. ವರ್ಷ ನಮೂದಿಸದ ಸಾಮಾನ್ಯ ಶಾಂಪೇನ್ ಬಾಟಲಿಗೆ ಬಿದ್ದ ಮೇಲೆ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಇರಬೇಕು. ಅದರಲ್ಲಿ 12 ತಿಂಗಳು ಗಸಿಯ ಮೇಲೆ. ಒಂದೇ ವರ್ಷದ ಬೆಳೆಯಿಂದ ಮಾಡಿ ಲೇಬಲ್ಲಿನ ಮೇಲೆ ವರ್ಷ ಹಾಕಿದ್ದು, ಅಂದರೆ ವಿಂಟೇಜ್, ಕನಿಷ್ಠ 3 ವರ್ಷ. ಒಳ್ಳೆಯ ಕಂಪನಿಗಳು ಇದಕ್ಕಿಂತ ಜಾಸ್ತಿಯೇ ಕಾಯುತ್ತವೆ. ಗಸಿಗೆ ಇಂಗ್ಲಿಷಿನಲ್ಲಿ ಲೀಸ್ ಅನ್ನುತ್ತಾರೆ. ಚೀಟಿಯಲ್ಲಿ 'ಆರು ವರ್ಷ ಲೀಸ್ ಮೇಲೆ' ಅಂತ ಇದ್ದರೆ ಹಣ್ಣಿಗಿಂತ ಬನ್ನು ಮುಂದೆ ಬರುತ್ತೆ ಅಂತ ಮುಚ್ಚಳ ತೆಗೆಯುವ ಮೊದಲೇ ಹೇಳಬಹುದು. ಪ್ರೊಸೆಕೊದಲ್ಲಿ ಈ ವಾಸನೆ ಹುಡುಕಬೇಡಿ. ಇಟಲಿಯ ಆ ವೈನಿನಲ್ಲಿ ಎರಡನೇ ಹುದುಗು ಸಾಮಾನ್ಯವಾಗಿ ದೊಡ್ಡ ಟ್ಯಾಂಕಿನಲ್ಲಿ ಆಗುತ್ತೆ, ಬೇಗ ಮುಗಿಯುತ್ತೆ. ಅದರಲ್ಲಿ ಪೇರ್ ಹಣ್ಣು, ಹೂವು ಸಿಗುತ್ತೆ. ಬನ್ನು ಇಲ್ಲ ಅಂತ ಅದನ್ನು ಕೆಟ್ಟದ್ದು ಅನ್ನಬಾರದು. ಅದು ಬೇರೆ ದಾರಿ.

ಬ್ರಿಯೋಶ್ ಅಂದರೆ ಬೆಣ್ಣೆ, ಮೊಟ್ಟೆ ಜಾಸ್ತಿ ಹಾಕಿ ಮಾಡುವ ಫ್ರೆಂಚ್ ಬ್ರೆಡ್. ಅದನ್ನು ತಿಂದೇ ಇಲ್ಲದವರು ಆ ಮಾತನ್ನು ಬಾಯಿಪಾಠ ಮಾಡಿ ಹೇಳುವುದರಲ್ಲಿ ಅರ್ಥ ಇಲ್ಲ. ಬೆಳಗ್ಗೆ ಬೇಕರಿ ಬಾಗಿಲಲ್ಲಿ ಬರುವ ಬನ್ನಿನ ವಾಸನೆ ಅನ್ನಿ. ಹಾಲು ರಸ್ಕು ಅನ್ನಿ. ಕಲಸಿಟ್ಟ ಬ್ರೆಡ್ ಹಿಟ್ಟು ಉಬ್ಬಿದಾಗಿನ ವಾಸನೆ ಅನ್ನಿ. ಈ ಮೂರೂ ಬೇರೆ ಬೇರೆ, ಮತ್ತು ಆ ವ್ಯತ್ಯಾಸಕ್ಕೆ ಬೆಲೆ ಇದೆ. ಹಸಿ ಹಿಟ್ಟು ಅನಿಸಿದರೆ ವೈನ್ ಇನ್ನೂ ಎಳೆಯದು. ಬೆಂದ ಬನ್ನು, ರಸ್ಕು, ಹುರಿದ ಬಾದಾಮಿ ಅಂತ ಮುಂದೆ ಮುಂದೆ ಹೋದ ಹಾಗೆ ವಯಸ್ಸು ಜಾಸ್ತಿ.

ಟೋಸ್ಟ್ ಅನ್ನುವ ಮಾತಿನ ಹಿಂದೆ ಇನ್ನೊಂದು ಕೆಲಸವೂ ನಡೆದಿರುತ್ತೆ. ಗಸಿ ತೆಗೆದು, ಸಕ್ಕರೆ ಸೇರಿಸಿ, ಕಾರ್ಕ್ ಹಾಕಿದ ಮೇಲೆ, ಯೀಸ್ಟಿನಿಂದ ಬಂದ ಅಮೈನೋ ಆಸಿಡ್‌ಗಳೂ ಆ ಸಕ್ಕರೆಯೂ ನಿಧಾನಕ್ಕೆ ಸೇರಿ ಹೊಸ ವಾಸನೆಗಳನ್ನು ಕೊಡುತ್ತವೆ. ಇದು ಮಾಯ್ಯಾರ್ ಕ್ರಿಯೆ. ನೀವು ಕಾಫಿ ಬೀಜ ಹುರಿಯುವಾಗ ಬೀಜ ಕಂದು ಬಣ್ಣಕ್ಕೆ ತಿರುಗುತ್ತೆ ಅಲ್ವಾ, ಅಲ್ಲಿ ನಡೆಯುವುದೂ ಅದೇ. ರೋಸ್ಟರಿನಲ್ಲಿ ಕೆಲವು ನಿಮಿಷದಲ್ಲಿ ಆಗುವುದು ತಣ್ಣಗಿನ ಬಾಟಲಿಯಲ್ಲಿ ವರ್ಷಗಳಲ್ಲಿ ಆಗುತ್ತೆ. ಹಳೆಯ ಶಾಂಪೇನಿನಲ್ಲಿ ಕೆಲವರಿಗೆ ಕಾಫಿಯ ವಾಸನೆಯೇ ಸಿಗುತ್ತೆ. ಈ ಊರಿನವರಿಗೆ ಸಿಗದಿದ್ದರೆ ಇನ್ಯಾರಿಗೆ ಸಿಗಬೇಕು?

ಗಸಿ ತೆಗೆಯುವ ಕತೆಯನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಬಾರ್ಬ್-ನಿಕೋಲ್ ಕ್ಲಿಕೊ ಅನ್ನುವ ಹೆಂಗಸು 1805ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ಗಂಡನನ್ನು ಕಳೆದುಕೊಂಡಳು. ಗಂಡನ ಶಾಂಪೇನ್ ವ್ಯಾಪಾರ ಬಿಡಲಿಲ್ಲ. ತೂತು ಕೊರೆದ ಮೇಜಿನಲ್ಲಿ ಬಾಟಲಿಗಳನ್ನು ತಲೆ ಕೆಳಗಾಗಿ ಸಿಕ್ಕಿಸಿ, ದಿನವೂ ಸ್ವಲ್ಪ ಸ್ವಲ್ಪ ತಿರುಗಿಸಿ, ಗಸಿಯನ್ನು ಕುತ್ತಿಗೆಗೆ ಇಳಿಸುವ ವಿಧಾನ ಅವಳ ನೆಲಮಾಳಿಗೆಯಲ್ಲಿ 1816ರ ಹೊತ್ತಿಗೆ ರೂಪುಗೊಂಡಿತು. ಶಾಂಪೇನ್ ತಿಳಿಯಾದದ್ದು ಅದರಿಂದ. ಲೇಬಲ್ಲಿನ ಮೇಲಿನ ವೂವ್ ಕ್ಲಿಕೊ ಅನ್ನುವುದು ಅವಳದೇ ಹೆಸರು, ವಿಧವೆ ಕ್ಲಿಕೊ ಅಂತ. ಡಾಂ ಪೆರಿನ್ಯೋನ್ ಎಂಬ ಸನ್ಯಾಸಿ ಶಾಂಪೇನ್ ಕಂಡುಹಿಡಿದ ಅನ್ನುವ ಕತೆಯನ್ನು ಮಾತ್ರ ಅತಿಥಿಗಳಿಗೆ ಹೇಳಬೇಡಿ. ಅವನು ಒವಿಲಿಯೆ ಮಠದ ನೆಲಮಾಳಿಗೆ ನೋಡಿಕೊಂಡವನು, ಬೇರೆ ಬೇರೆ ತೋಟದ ದ್ರಾಕ್ಷಿಯನ್ನು ಬೆರೆಸುವುದರಲ್ಲಿ ನಿಪುಣ. ಅವನ ಕಾಲದಲ್ಲಿ ಬಾಟಲಿಯೊಳಗೆ ತಾನಾಗಿ ಏಳುವ ಗುಳ್ಳೆ ತಲೆನೋವಿನ ವಿಷಯವಾಗಿತ್ತು.

ಗುಳ್ಳೆಗೆ ಎರಡು ಮಾತು ನೆನಪಿಡಿ. ಲೋಟದಲ್ಲಿ ದಾರದ ಹಾಗೆ ಮೇಲೇಳುವ ಸಾಲಿಗೆ ಬೀಡ್. ಬಾಯಲ್ಲಿ ನೊರೆ ಹರಡಿದಾಗಿನ ಅನುಭವಕ್ಕೆ ಮೂಸ್. ಬೀಡ್ ನೋಡಿ ವೈನಿನ ಗುಣ ಅಳೆಯುವವರು ತುಂಬಾ ಜನ. ರೀಮ್ಸ್ ವಿಶ್ವವಿದ್ಯಾಲಯದಲ್ಲಿ ಜೆರಾರ್ ಲಿಜೆ-ಬೆಲೇರ್ ಎಂಬ ಭೌತವಿಜ್ಞಾನಿ ಈ ಗುಳ್ಳೆಗಳ ಮೇಲೇ ಕೆಲಸ ಮಾಡಿದ್ದಾರೆ. ಅವರು ತೋರಿಸಿದ್ದು ಇದು: ಗುಳ್ಳೆ ಹುಟ್ಟುವುದು ಹೆಚ್ಚಾಗಿ ಲೋಟದ ಗೋಡೆಗೆ ಅಂಟಿಕೊಂಡ ಸಣ್ಣ ಎಳೆಗಳಲ್ಲಿ. ಲೋಟ ಒರೆಸಿದ ಬಟ್ಟೆಯ ಎಳೆ ಇರಬಹುದು, ಗಾಳಿಯ ಧೂಳು ಇರಬಹುದು. ಅಂಥದ್ದೇನೂ ಇಲ್ಲದ ಪೂರ್ತಿ ನಯವಾದ ಲೋಟದಲ್ಲಿ ಗುಳ್ಳೆಯ ಸಾಲೇ ಕಾಣದು. ಸೋಪು ಉಳಿದ ಲೋಟದಲ್ಲೂ ನೊರೆ ನಿಲ್ಲುವುದಿಲ್ಲ. ಹಾಗಾಗಿ ಗುಳ್ಳೆ ಏಳಲಿಲ್ಲ ಅಂತ ಅತಿಥಿ ಹೇಳಿದರೆ ಮೊದಲು ಲೋಟ ಬದಲಾಯಿಸಿ. ವೈನಿನ ಗುಳ್ಳೆಯನ್ನು ಬಾಯಲ್ಲೇ ನೋಡಬೇಕು. ಸೋಡಾದ ಹಾಗೆ ಒರಟಾಗಿ ಚುಚ್ಚುತ್ತೋ, ಮೆತ್ತಗೆ ನೊರೆಯಾಗಿ ಹರಡುತ್ತೋ? ವಯಸ್ಸಾದ ಬಾಟಲಿಯಲ್ಲಿ ಕಾರ್ಕಿನ ಮೂಲಕ ಸ್ವಲ್ಪ ಗ್ಯಾಸ್ ಹೋಗಿರುತ್ತೆ. ಅಲ್ಲಿ ಮೂಸ್ ತಾನಾಗಿಯೇ ಮೆತ್ತಗೆ.

ಗುಳ್ಳೆ ಒಡೆದಾಗ ವಾಸನೆಯನ್ನು ಮೇಲಕ್ಕೆ ಎಸೆಯುತ್ತೆ. ಅದು ಒಳ್ಳೆಯದು. ಆದರೆ ಬಗ್ಗಿಸಿದ ಕೂಡಲೇ ಮೂಗನ್ನು ಲೋಟಕ್ಕೆ ಹಾಕಬೇಡಿ. ಗ್ಯಾಸ್ ಚುರ್ರೆನ್ನುತ್ತೆ, ಬೇರೇನೂ ತಿಳಿಯುವುದಿಲ್ಲ. ಸ್ವಲ್ಪ ಕಾಯಿರಿ. ಉದ್ದ ಸಣ್ಣ ಫ್ಲೂಟ್ ಲೋಟ ಕಣ್ಣಿಗೆ ಚೆಂದ, ಮೂಗಿಗೆ ಜಾಗ ಇಲ್ಲ. ಹೊಟ್ಟೆ ಸ್ವಲ್ಪ ಅಗಲ, ಬಾಯಿ ಸ್ವಲ್ಪ ಕಿರಿದಾದ ಟ್ಯುಲಿಪ್ ಲೋಟ ಇಟ್ಟುಕೊಳ್ಳಿ. ಅದು ಇಲ್ಲದಿದ್ದರೆ ಬಿಳಿ ವೈನಿನ ಲೋಟ ನಡೆಯುತ್ತೆ. ವೈನ್ 8ರಿಂದ 10 ಡಿಗ್ರಿಯಲ್ಲಿರಲಿ. ಫ್ರೀಜರಿನಿಂದ ತೆಗೆದು ಕೊಟ್ಟರೆ ನಾನು ಇಷ್ಟು ಹೊತ್ತು ಹೇಳಿದ ಯಾವ ವಾಸನೆಯೂ ಏಳುವುದಿಲ್ಲ.

ಹಣ್ಣು, ಹೂವಿನ ಮಾತುಗಳು ಸುಲಭ. ಅವು ದ್ರಾಕ್ಷಿಯವು. ಶಾರ್ಡನೆ ಬಿಳಿ ದ್ರಾಕ್ಷಿ: ನಿಂಬೆ, ಚಕ್ಕೋತ, ಬಿಳಿ ಹೂವು. ಪಿನೊ ನ್ವಾರ್ ಕಪ್ಪು ದ್ರಾಕ್ಷಿ: ಕೆಂಪು ಹಣ್ಣುಗಳು ಮತ್ತು ಬಾಡಿ, ಅಂದರೆ ಬಾಯಿ ತುಂಬುವ ತೂಕ. ಮುನಿಯೆ ಕೂಡ ಕಪ್ಪೇ: ದುಂಡಗಿನ ಹಣ್ಣಿನ ರುಚಿ, ಎಳೆಯದರಲ್ಲೇ ಕುಡಿಯಲು ಹಿತ. ಬರೀ ಬಿಳಿ ದ್ರಾಕ್ಷಿಯಿಂದ ಮಾಡಿದ್ದಕ್ಕೆ ಬ್ಲಾಂ ದ ಬ್ಲಾಂ. ಕಪ್ಪು ದ್ರಾಕ್ಷಿಯ ಸಿಪ್ಪೆಯ ಬಣ್ಣ ಇಳಿಯದ ಹಾಗೆ ಮೆತ್ತಗೆ ಹಿಂಡಿ ಮಾಡಿದ ಬಿಳಿ ವೈನಿಗೆ ಬ್ಲಾಂ ದ ನ್ವಾರ್. ಬ್ಲಾಂ ದ ಬ್ಲಾಂ ಅಂತ ಇದ್ದರೆ ನಿಂಬೆಯ ಕಡೆ ಮೂಗು ಇಡಿ. ಸುಮಾರು ಸಲ ಸಿಗುತ್ತೆ.

'ಬಿಳಿ ಹೂವು' ಅನ್ನುವುದು ವೈನ್ ಪುಸ್ತಕಗಳಲ್ಲಿ ಅಕೇಶಿಯ, ಹಾಥಾರ್ನ್ ಅಂತ ಬರುತ್ತೆ. ನಾನು ಹಾಥಾರ್ನ್ ಹೂವನ್ನು ಮೂಸಿ ನೋಡಿದವಳಲ್ಲ. ಆದರೆ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗಿ, ಬೆಳಗ್ಗೆ ಕಿಟಕಿ ತೆಗೆದರೆ ಬರುವ ಕಾಫಿ ಹೂವಿನ ವಾಸನೆ ಇದೆಯಲ್ಲ, ಎಳೆಯ ಶಾರ್ಡನೆಯಲ್ಲಿ ನನಗೆ ಕಾಣುವುದು ಅದರ ತೆಳ್ಳಗಿನ ರೂಪ. ಅತಿಥಿಗೆ ಹಾಗೇ ಹೇಳಿ. ಅವರು ನಿಮ್ಮ ತೋಟದಲ್ಲಿ ಕೂತು ಕುಡಿಯುತ್ತಿದ್ದಾರೆ. ಹೋಲಿಕೆಯ ಮಾತುಗಳಲ್ಲಿ ನಿಮಗೆ ಪೂರ್ತಿ ಸ್ವಾತಂತ್ರ್ಯ ಇದೆ. ಕೊಡಗಿನ ಕಿತ್ತಳೆ ಸಿಪ್ಪೆ, ಸೀಬೆ, ಪ್ಯಾಶನ್ ಫ್ರೂಟ್, ಜೇನು, ಯಾವುದು ನಿಜವಾಗಿ ಮೂಗಿಗೆ ಬರುತ್ತೋ ಅದನ್ನು ಹೇಳಿ. ಬ್ರೂಟ್, ವಿಂಟೇಜ್, ಬ್ಲಾಂ ದ ಬ್ಲಾಂ ಅನ್ನುವ ಅಳತೆಯ ಮಾತುಗಳನ್ನು ಮಾತ್ರ ಹಾಗೆ ಬದಲಾಯಿಸುವಂತಿಲ್ಲ. ಅವು ಕಾನೂನಿನವು.

ರುಚಿಯ ಮಾತುಗಳು ಎಷ್ಟು ಕೆಲಸಕ್ಕೆ ಬರುತ್ತವೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಒಂದಿದೆ. 2010ರಲ್ಲಿ ಫಿನ್ಲೆಂಡಿನ ಆಲಂಡ್ ದ್ವೀಪಗಳ ಹತ್ತಿರ, ಬಾಲ್ಟಿಕ್ ಸಮುದ್ರದ ತಳದಲ್ಲಿ, ಮುಳುಗಿದ ಹಡಗೊಂದರಲ್ಲಿ 168 ಬಾಟಲಿ ಶಾಂಪೇನ್ ಸಿಕ್ಕಿತು. ಸುಮಾರು 170 ವರ್ಷ ಕತ್ತಲಲ್ಲಿ, ಚಳಿಯಲ್ಲಿ, ಸುಮಾರು 50 ಮೀಟರ್ ಆಳದಲ್ಲಿ ಮಲಗಿದ್ದವು. ಕೆಲವು ಕ್ಲಿಕೊ ಮನೆತನದವು. ರೀಮ್ಸ್‌ನ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ 2015ರಲ್ಲಿ ವಿವರ ಪ್ರಕಟಿಸಿದರು. ಸಕ್ಕರೆ ಲೀಟರಿಗೆ 140 ಗ್ರಾಂಗಿಂತ ಜಾಸ್ತಿ! ಹಿಂದೆ ಹೇಳಿದೆನಲ್ಲ, ಅಂದಿನ ಶಾಂಪೇನ್ ಪಾನಕ ಅಂತ, ಅದಕ್ಕೆ ಇದೇ ಸಾಕ್ಷಿ. ರುಚಿ ನೋಡಿದ ಪರಿಣತರು ಮೊದಲು ಬರೆದ ಮಾತುಗಳು ಪ್ರಾಣಿಯ ವಾಸನೆ, ಒದ್ದೆ ಕೂದಲು, ಚೀಸ್. ಲೋಟವನ್ನು ತಿರುಗಿಸಿ ಗಾಳಿ ತಾಗಿಸಿದ ಮೇಲೆ ಬರೆದದ್ದು ಸುಟ್ಟದ್ದು, ಮಸಾಲೆ, ಹೊಗೆ, ಚರ್ಮ, ಜೊತೆಗೆ ಹಣ್ಣು ಮತ್ತು ಹೂವು.

ಈ ಎರಡು ಸಾಲನ್ನು ಗಮನಿಸಿ. ಗಾಳಿ ಸಿಗದೆ ಮುಚ್ಚಿಕೊಂಡಿದ್ದ ವೈನಿನಲ್ಲಿ ಕೆಟ್ಟ ವಾಸನೆ ಮುಂದಿತ್ತು. ಗಾಳಿ ಸಿಕ್ಕಾಗ ಅದು ಹಿಂದೆ ಸರಿಯಿತು. 'ಒದ್ದೆ ಕೂದಲು' ಅಂತ ಬರೆಯಲು ಅವರು ನಾಚಿಕೆ ಪಡಲಿಲ್ಲ. ಅಷ್ಟು ಅಪರೂಪದ ವೈನಿನ ಮುಂದೆ ಕೂತೂ ಹೊಗಳಿಕೆಯ ಮಾತಿಗೆ ಹೋಗಲಿಲ್ಲ. ಓದಿದ ನಮಗೆ ಆ ಲೋಟದಲ್ಲಿ ಏನು ನಡೆಯಿತು ಅಂತ ಇವತ್ತಿಗೂ ಗೊತ್ತಾಗುತ್ತೆ.

ಮಿನರಲ್ ಅನ್ನುವ ಮಾತಿನ ಬಗ್ಗೆ ಎಚ್ಚರ ಇರಲಿ. ಶಾಂಪೇನಿನ ನೆಲ ಬೆಳ್ಳನೆಯ ಸುಣ್ಣಕಲ್ಲಿನದು. ನೀರು ಹೀರಿ ಇಟ್ಟುಕೊಂಡು ಬಳ್ಳಿಗೆ ಬೇಕಾದಾಗ ಕೊಡುತ್ತೆ. ಅಷ್ಟರ ಮಟ್ಟಿಗೆ ಆ ನೆಲಕ್ಕೆ ದೊಡ್ಡ ಪಾಲಿದೆ. ಆದರೆ ಬೇರು ಸುಣ್ಣದ ರುಚಿಯನ್ನೇ ಎಳೆದು ಹಣ್ಣಿಗೆ ತಂದು ಕೊಡುತ್ತೆ ಅನ್ನುವುದಕ್ಕೆ ಆಧಾರ ಇಲ್ಲ. ಮಿನರಲ್ ಅಂದಾಗ ಜನ ಹೇಳುವುದು ಹೆಚ್ಚು ಹುಳಿ, ಕಡಿಮೆ ಹಣ್ಣು, ತುಸು ಉಪ್ಪಿನ ಅನಿಸಿಕೆ, ಒದ್ದೆ ಕಲ್ಲಿನ ಹಾಗಿನ ವಾಸನೆ, ಇವೆಲ್ಲ ಸೇರಿದ್ದನ್ನು. ನಿಮಗೆ ಇವುಗಳಲ್ಲಿ ಯಾವುದು ಸಿಕ್ಕಿತೋ ಅದನ್ನೇ ಬಿಡಿಸಿ ಹೇಳುವುದು ಮೇಲು.

ದೋಷದ ಮಾತುಗಳು ಹೋಂಸ್ಟೇ ನಡೆಸುವವರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕು. ದುಬಾರಿ ಬಾಟಲಿ ಕೆಟ್ಟಿದೆಯೋ ಇಲ್ಲವೋ ಅಂತ ತೀರ್ಮಾನಿಸಬೇಕಾದವರು ನೀವು. ಮೊದಲನೆಯದು ಕಾರ್ಕ್ಡ್. ಒದ್ದೆ ರಟ್ಟು, ಬೂಷ್ಟು ಹಿಡಿದ ಪೇಪರಿನ ವಾಸನೆ. ಆಟಿ ತಿಂಗಳ ಮಳೆಯಲ್ಲಿ ಬೀರು ತೆಗೆದಾಗ ಬಟ್ಟೆಗೆ ಹಿಡಿದಿರುತ್ತಲ್ಲ, ಆ ವಾಸನೆಯ ಕಡೆಯದು. ಕಾರಣ ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕ, ಚಿಕ್ಕದಾಗಿ ಟಿಸಿಎ. ಕಾರ್ಕಿನಿಂದ ಬರುತ್ತೆ, ತೀರಾ ಅತ್ಯಲ್ಪ ಇದ್ದರೂ ಮೂಗಿಗೆ ಬಡಿಯುತ್ತೆ. ಕಾಫಿ ವ್ಯಾಪಾರದಲ್ಲಿ ರಿಯೊ ಅಂತ ಕರೆಯುವ ದೋಷ ಕೇಳಿದ್ದೀರಲ್ಲ, ಔಷಧಿ ಅಂಗಡಿಯ ಹಾಗಿನ ಬೂಷ್ಟು ರುಚಿ? ಅದರಲ್ಲೂ ಮುಖ್ಯ ಆರೋಪಿ ಇದೇ ಟಿಸಿಎ. ರಿಯೊ ಗುರುತು ಹಿಡಿಯುವ ಮೂಗು ಕಾರ್ಕ್ಡ್ ವೈನನ್ನೂ ಹಿಡಿಯುತ್ತೆ.

ಎರಡನೆಯದು ಲೈಟ್ ಸ್ಟ್ರಕ್, ಬೆಳಕು ಬಡಿದದ್ದು. ಬೆಂದ ಎಲೆಕೋಸಿನ ವಾಸನೆ. ಬೆಳಕು ಬಿದ್ದಾಗ ವೈನಿನಲ್ಲಿರುವ ಗಂಧಕದ ಅಂಶಗಳು ಬದಲಾಗಿ ಇದು ಹುಟ್ಟುತ್ತೆ. ಬಣ್ಣವಿಲ್ಲದ ಗಾಜಿನ ಬಾಟಲಿಗೆ ಅಪಾಯ ಜಾಸ್ತಿ. ಕ್ರಿಸ್ಟಲ್ ಶಾಂಪೇನಿಗೆ ಹಳದಿ ಹೊದಿಕೆ ಸುತ್ತಿರುವುದು ಅದಕ್ಕೇ. ಕಿಟಕಿ ಪಕ್ಕ, ಟ್ಯೂಬ್‌ಲೈಟ್ ಕೆಳಗೆ ಬಾಟಲಿಗಳನ್ನು ಚೆಂದಕ್ಕೆ ಜೋಡಿಸಿಟ್ಟವರು ಇವತ್ತೇ ಹೋಗಿ ಒಳಗಿಡಿ. ಮೂರನೆಯದು ಆಕ್ಸಿಡೈಸ್ಡ್. ಕತ್ತರಿಸಿ ಇಟ್ಟು ಕಂದು ಬಣ್ಣಕ್ಕೆ ತಿರುಗಿದ ಸೇಬು. ಇದರಲ್ಲಿ ಸ್ವಲ್ಪ ಗೊಂದಲ ಇದೆ. ಕೆಲವರು ಮರದ ಪೀಪಾಯಿಯಲ್ಲಿ ಇಟ್ಟು ಗಾಳಿಯ ಛಾಯೆಯನ್ನು ಬೇಕಂತಲೇ ತರುತ್ತಾರೆ. ಅಲ್ಲಿ ಜೇನು, ಅಕ್ರೋಟ್ ಸಿಗುತ್ತೆ, ಜೊತೆಗೆ ಹುಳಿಯೂ ಜೀವಂತ ಇರುತ್ತೆ. ಹುಳಿ ಸತ್ತು, ಬರೀ ಕಂದು ಸೇಬು ಉಳಿದಿದ್ದರೆ ಆ ಬಾಟಲಿ ಮುಗಿದಿದೆ.

ಯಾವ ಜಾಗಕ್ಕೂ ಸೇರದ ಮಾತುಗಳು ಅಂದೆನಲ್ಲ. ಎಲಿಗಂಟ್, ನೋಬಲ್, ಫೆಮಿನೈನ್, ಸೊಫಿಸ್ಟಿಕೇಟೆಡ್. ಇವು ದ್ರಾಕ್ಷಿಯಲ್ಲಿಲ್ಲ, ಯೀಸ್ಟಿನಲ್ಲಿಲ್ಲ, ಸಕ್ಕರೆಯಲ್ಲಿಲ್ಲ. ಕೇಳಿದವನಿಗೆ ಏನೂ ತಿಳಿಯುವುದಿಲ್ಲ. ಎಲಿಗಂಟ್ ಅನಿಸಿದರೆ ಯಾಕೆ ಅನಿಸಿತು ಅಂತ ಹುಡುಕಿ. ಮೂಸ್ ಮೆತ್ತಗಿದೆಯಾ? ಹುಳಿ ಮತ್ತು ಸಿಹಿ ಒಂದನ್ನೊಂದು ತುಳಿಯದೆ ಇವೆಯಾ? ಅದನ್ನು ಹೇಳಿ. ಫಿನಿಶ್ ಅನ್ನುವುದು ಮಾತ್ರ ಉಳಿಸಿಕೊಳ್ಳಬೇಕಾದ ಮಾತು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತೆ ಅನ್ನುವುದು. ಗಡಿಯಾರ ಹಿಡಿದು ಎಣಿಸಬಹುದು.

ಪ್ರಶ್ನೆಗಳಿಗೆ ಬರೋಣ. ಪಂದಿ ಕರಿ ಜೊತೆ ಶಾಂಪೇನ್ ಆಗುತ್ತಾ ಅಂತ ಒಬ್ಬರು ಅಕ್ಕ ಕೇಳಿದರು. ಆಗುತ್ತೆ. ಕೊಬ್ಬಿಗೆ ಹುಳಿ ಬೇಕು, ಅದಕ್ಕೇ ನಾವು ಕಾಚಂಪುಳಿ ಹಾಕುತ್ತೇವೆ. ಶಾಂಪೇನಿನ ಹುಳಿಯೂ ಗುಳ್ಳೆಯೂ ಬಾಯಿಯ ಜಿಡ್ಡನ್ನು ತೊಳೆಯುತ್ತವೆ. ಊಟದಲ್ಲಿ ಹುಳಿ ಇದ್ದರೆ ವೈನಿನ ಹುಳಿ ಮೆತ್ತಗೆ ಕಾಣುತ್ತೆ ಅನ್ನುವುದನ್ನೂ ನೆನಪಿಡಿ. ತೊಂದರೆ ಇರುವುದು ಖಾರದಲ್ಲಿ. ಮೆಣಸಿನಕಾಯಿಯ ಉರಿಯನ್ನು ಗುಳ್ಳೆ, ಆಲ್ಕೋಹಾಲ್ ಎರಡೂ ಏರಿಸುತ್ತವೆ. ಕರಿಮೆಣಸು ಮುಂದಿರುವ, ಖಾರಪುಡಿ ಕಡಿಮೆ ಇರುವ ಪಂದಿಗೆ ಬ್ರೂಟ್ ಕೊಡಿ. ಖಾರ ಜಾಸ್ತಿ ಇದ್ದರೆ ಎಕ್ಸ್‌ಟ್ರಾ ಡ್ರೈ ಅಥವಾ ಡೆಮಿ-ಸೆಕ್. ನನ್ನ ಆಯ್ಕೆ ಕೇಳಿದರೆ, ಉಪ್ಪು ಮೆಣಸು ಹಾಕಿ ಹುರಿದ ಒಣ ಪಂದಿ ಮತ್ತು ಬ್ಲಾಂ ದ ನ್ವಾರ್.

ನಾಸಿಕ್‌ನ ಸ್ಪಾರ್ಕ್ಲಿಂಗ್ ವೈನಿಗೆ ಈ ಮಾತುಗಳು ಹೊಂದುತ್ತವಾ ಅಂತ ಇನ್ನೊಬ್ಬರ ಪ್ರಶ್ನೆ. ಖಂಡಿತ. ಸುಲಾ, ಶಾಂಡನ್ ಕಂಪನಿಗಳ ಬ್ರೂಟ್ ಬಾಟಲಿಯೊಳಗೇ ಹುದುಗಿಸುವ ವಿಧಾನದಲ್ಲಿ ಮಾಡಿದ್ದು. ಬಿಸಿಲ ನಾಡು, ಹಾಗಾಗಿ ಹಣ್ಣಿನ ವಾಸನೆ ಮುಂದೆ, ಬನ್ನು ಹಿಂದೆ. ಕಲಿಯುವವರು ದುಬಾರಿ ಶಾಂಪೇನಿನಿಂದ ಶುರು ಮಾಡಬೇಕಿಲ್ಲ. ಒಂದು ನಾಸಿಕ್ ಬ್ರೂಟ್ ತನ್ನಿ. ನಾಲ್ಕೈದು ಲೋಟಗಳಲ್ಲಿ ನಿಂಬೆ ಸಿಪ್ಪೆ, ಹಸಿ ಸೇಬಿನ ಹೋಳು, ಕಂದು ಬಣ್ಣಕ್ಕೆ ತಿರುಗಿದ ಸೇಬಿನ ಹೋಳು, ಪುಡಿ ಮಾಡಿದ ರಸ್ಕು, ನೀರಿನಲ್ಲಿ ಕಲಸಿದ ಯೀಸ್ಟ್ ಇಡಿ. ಒಂದೊಂದನ್ನು ಮೂಸಿ, ವೈನನ್ನು ಮೂಸಿ, ಮತ್ತೆ ಹಿಂದಕ್ಕೆ ಹೋಗಿ. ನಿಮ್ಮ ಕೆಲಸದ ಹುಡುಗರನ್ನೂ ಜೊತೆಗೆ ಕೂರಿಸಿಕೊಳ್ಳಿ. ಬಡಿಸುವವರು ಅವರೇ ಅಲ್ವಾ?

ತೆರೆದ ಬಾಟಲಿ ಉಳಿದರೆ ಏನು ಮಾಡುವುದು ಅನ್ನುವುದು ಕೊನೆಯ ಪ್ರಶ್ನೆ. ಕುತ್ತಿಗೆಯಲ್ಲಿ ಚಮಚ ಸಿಕ್ಕಿಸಿಟ್ಟರೆ ಗುಳ್ಳೆ ಉಳಿಯುತ್ತೆ ಅನ್ನುವುದು ಬರೀ ನಂಬಿಕೆ. ಶಾಂಪೇನಿಗೆಂದೇ ಮಾಡಿದ ಬಿಗಿ ಮುಚ್ಚಳ ಸಿಗುತ್ತೆ. ಅದನ್ನು ಹಾಕಿ ಫ್ರಿಜ್‌ನಲ್ಲಿಟ್ಟರೆ ಒಂದೆರಡು ದಿನ ಚೆನ್ನಾಗಿರುತ್ತೆ. ಗುಳ್ಳೆ ಕಡಿಮೆ ಆಯಿತು ಅಂತ ಚೆಲ್ಲಬೇಡಿ, ಮಾರನೇ ದಿನ ಒಂದು ಗುಟುಕು ರುಚಿ ನೋಡಿ. ಗ್ಯಾಸಿನ ಚುಚ್ಚು ಇಳಿದಿರುವುದರಿಂದ ಹುಳಿ ಎಷ್ಟು, ಸಕ್ಕರೆ ಎಷ್ಟು, ಬನ್ನು ಎಷ್ಟು ಅಂತ ಬಿಡಿಬಿಡಿಯಾಗಿ ಸಿಗುತ್ತೆ. ಹಿಂದಿನ ದಿನ ಬರೆದಿಟ್ಟ ಚೀಟಿ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಆಮೇಲೂ ಉಳಿದರೆ ಮೀನು ಬೇಯಿಸುವಾಗ ಹಾಕಿ.